ಆಡು ಅವರವರದು, ಹೋತ ಊರಿನದು

ಯುವಕರ ಆದಾಯಕ್ಕೆಂದು ಆಡು ಹಂಚುವ ಯೋಜನೆಗಳು ಹೊಸತೇನಲ್ಲ. ಕೆಲವು ನೆಲೆ ನಿಂತಿವೆ, ಕೆಲವು ಎರಡೇ ವರ್ಷದಲ್ಲಿ ಕರಗಿವೆ. ಆಡು ಬರುವ ಮೊದಲು ಊರು ಏನೇನು ಏರ್ಪಾಡು ಮಾಡಿಕೊಂಡಿತ್ತು ಎಂಬುದರಲ್ಲೇ ಈ ವ್ಯತ್ಯಾಸದ ಗುಟ್ಟಿದೆ.

ಕುರಿ ಸಂತೆಗೆ ನಸುಕಿನಲ್ಲೇ ಜೀವ ಬಂದಿರುತ್ತದೆ. ಬಾಗಲಕೋಟೆ ಜಿಲ್ಲೆಯ ಅಮೀನಗಡವಾಗಲಿ ಕೆರೂರಾಗಲಿ, ಸಂತೆಯ ದಿನ ಬಿಸಿಲೇರುವ ಮೊದಲೇ ಟಂಟಂ ಗಾಡಿಗಳಿಂದ ಮರಿಗಳನ್ನಿಳಿಸಿ ಸಾಲಾಗಿ ನಿಲ್ಲಿಸಿರುತ್ತಾರೆ. ಒಂದು ಹೋತಮರಿಯ ಹಗ್ಗ ಹಿಡಿದು ನಿಂತ ಹುಡುಗನ ಬಳಿಗೆ ದಲ್ಲಾಳಿ ಬರುತ್ತಾನೆ. ಮರಿಯ ಬೆನ್ನುಮೂಳೆಯ ಮೇಲೆ ಹೆಬ್ಬೆರಳು ಓಡಿಸುತ್ತಾನೆ, ಸೊಂಟದ ಹತ್ತಿರ ಹಿಡಿದು ಮಾಂಸ ಎಷ್ಟಿದೆಯೆಂದು ನೋಡುತ್ತಾನೆ, ಹೊಟ್ಟೆಯಡಿ ಕೈಹಾಕಿ ಒಮ್ಮೆ ಎತ್ತಿ ಇಳಿಸುತ್ತಾನೆ. ಆಮೇಲೆ ಹೆಗಲ ಮೇಲಿನ ಟವೆಲ್ಲು ಇಬ್ಬರ ಕೈಗಳ ಮೇಲೆ ಬೀಳುತ್ತದೆ. ಅದರಡಿಯಲ್ಲಿ ಬೆರಳು ಹಿಡಿದು, ಬೆರಳು ಮಡಚಿ ವ್ಯಾಪಾರ ಕುದುರುತ್ತದೆ. ಪಕ್ಕದಲ್ಲಿ ನಿಂತವನಿಗೂ ಬೆಲೆ ಗೊತ್ತಾಗುವುದಿಲ್ಲ. ಹತ್ತು ತಿಂಗಳು ಸೊಪ್ಪು ಕಡಿದು, ನೀರು ಹೊತ್ತು ಸಾಕಿದ ಪ್ರಾಣಿಯ ಬೆಲೆಯನ್ನು ಕೊಳ್ಳುವವನ ಹೆಬ್ಬೆರಳು ಕೆಲವೇ ನಿಮಿಷದಲ್ಲಿ ತೀರ್ಮಾನಿಸಿಬಿಡುತ್ತದೆ.

ಆ ಹುಡುಗನಿಗೆ ಆಡು ಸಾಕಲು ಬರುವುದಿಲ್ಲವೆಂದು ಯಾರೂ ಹೇಳಲಾರರು. ಅವನ ಕೈಯಲ್ಲಿ ತಕ್ಕಡಿ ಇಲ್ಲ, ಜೊತೆಗೆ ನಿಲ್ಲುವವರಿಲ್ಲ, ಮನೆಯಲ್ಲಿ ಲೆಕ್ಕದ ಪುಸ್ತಕವಿಲ್ಲ. ಗ್ರಾಮೀಣ ಯುವಕರಿಗೆ ಆಡು ಸಾಕಣೆಯಿಂದ ಆದಾಯ ಕಟ್ಟಿಕೊಡಬೇಕೆಂದು ಹೊರಡುವ ಸಂಘ, ಪಂಚಾಯಿತಿ, ಸೇವಾಸಂಸ್ಥೆಗಳು ಮೊದಲು ನೋಡಬೇಕಾದದ್ದು ಈ ಇಲ್ಲಗಳನ್ನು. ಆಡು ಪ್ರತಿ ಮನೆಯ ಸ್ವಂತ ಆಸ್ತಿಯಾಗಿರಲಿ. ಒಂದು ಮನೆಯಿಂದ ಆಗದ ಬೀಜದ ಹೋತ, ಲಸಿಕೆ, ಮೇವು, ತಕ್ಕಡಿ ಊರಿನದಾಗಲಿ. ಈ ಗೆರೆಯನ್ನು ಸರಿಯಾಗಿ ಎಳೆದ ಯೋಜನೆಗೆ ಬಾಳಿಕೆ ಹೆಚ್ಚು ಎಂಬುದೇ ಈ ಲೇಖನದ ವಾದ.

ಆಡೇ ಯಾಕೆ?

2019ರ ಇಪ್ಪತ್ತನೇ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ 14.88 ಕೋಟಿ ಆಡುಗಳಿದ್ದವು. 2012ರ ಗಣತಿಗೆ ಹೋಲಿಸಿದರೆ ಇದು ಶೇಕಡಾ 10ರಷ್ಟು ಹೆಚ್ಚು. ಕರ್ನಾಟಕದಲ್ಲಿ ಏರಿಕೆ ಇನ್ನೂ ದೊಡ್ಡದು: ಸುಮಾರು 48 ಲಕ್ಷವಿದ್ದ ಆಡುಗಳು ಏಳು ವರ್ಷದಲ್ಲಿ ಸುಮಾರು 62 ಲಕ್ಷವಾದವು. ಇದೇ ಅವಧಿಯಲ್ಲಿ ರಾಜ್ಯದಲ್ಲಿ ದನಗಳ ಸಂಖ್ಯೆ ಇಳಿಯಿತು. ಜಮೀನು ತುಂಡಾಗುತ್ತಾ, ಉಳುಮೆಗೆ ಟ್ರ್ಯಾಕ್ಟರ್ ಬರುತ್ತಾ, ಮೇವು ದುಬಾರಿಯಾಗುತ್ತಾ ಹೋದ ಕಾಲದಲ್ಲಿ ಜನ ತಮ್ಮ ಲೆಕ್ಕಾಚಾರದಲ್ಲೇ ಆಡಿನ ಕಡೆಗೆ ವಾಲಿದ್ದಾರೆ ಎಂಬುದನ್ನು ಈ ಅಂಕಿಗಳು ಹೇಳುತ್ತವೆ.

ಈ ಲೆಕ್ಕಾಚಾರಕ್ಕೆ ಆಧಾರವಿದೆ. ಆಡಿನ ಗಬ್ಬದ ಅವಧಿ ಐದೇ ತಿಂಗಳು. ಚೆನ್ನಾಗಿ ನೋಡಿಕೊಂಡರೆ ಎರಡು ವರ್ಷದಲ್ಲಿ ಮೂರು ಸಲ ಮರಿ ಹಾಕುತ್ತದೆ, ಅವಳಿ ಹಾಕುವುದೂ ಸಾಮಾನ್ಯ. ಎಮ್ಮೆಯನ್ನು ಮಾರಿದರೆ ಪೂರ್ತಿ ಮಾರಬೇಕು. ಆಡಿನಲ್ಲಿ ಕಾಲೇಜು ಫೀಸಿಗೆ ಒಂದನ್ನು ಮಾರಿ ಉಳಿದವನ್ನು ಕಟ್ಟಿಕೊಳ್ಳಬಹುದು. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ಅದರ ಹೊಟ್ಟೆಯ ಗಟ್ಟಿತನವನ್ನೇ ಹೇಳುತ್ತದೆ: ಜಾಲಿ, ಬೇವು, ಬನ್ನಿ, ಹಲಸು ಎಲ್ಲದರ ಎಲೆಯೂ ಅದಕ್ಕೆ ಆಹಾರ. ಹೊಲವಿಲ್ಲದ ಮನೆಯ ಹುಡುಗಿಯೂ ಎರಡು ಆಡು ಸಾಕಬಲ್ಲಳು. ಹಿಕ್ಕೆಗೆ ತೋಟದವರಿಂದ ಬೇಡಿಕೆ ಇದೆ, ಮಾಂಸಕ್ಕೆ ಮದುವೆ, ಜಾತ್ರೆ, ಬಕ್ರೀದ್ ಎಲ್ಲ ಕಡೆಯಿಂದಲೂ ಬೇಡಿಕೆ ಇದೆ.

ತಳಿಗಾಗಿ ದೂರ ಹೋಗಬೇಕಿಲ್ಲ. ನಂದಿದುರ್ಗ ಮತ್ತು ಬಿದರಿ ಆಡುಗಳನ್ನು ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲಗಳ ಸಂಸ್ಥೆ ಕರ್ನಾಟಕದ ತಳಿಗಳೆಂದು ನೋಂದಾಯಿಸಿಕೊಂಡಿದೆ. ಮರಾಠವಾಡದ ಕಪ್ಪು ಉಸ್ಮಾನಾಬಾದಿ ಕಲ್ಯಾಣ ಕರ್ನಾಟಕದ ಗಡಿ ಜಿಲ್ಲೆಗಳ ಬಿಸಿಲಿಗೆ ಒಗ್ಗಿಕೊಂಡಿದೆ. ಆದರೂ ಮೊಬೈಲಿನ ವಿಡಿಯೊಗಳಲ್ಲಿ ಹುಡುಗರ ಕಣ್ಣು ಕುಕ್ಕುವುದು ದಕ್ಷಿಣ ಆಫ್ರಿಕಾದ ಬೋಯರ್, ಉತ್ತರ ಪ್ರದೇಶದ ಜಮುನಾಪಾರಿ. ದುಬಾರಿ ಬೆಲೆಗೆ ತಂದ ಆ ಪ್ರಾಣಿ ನಮ್ಮ ಬಿಸಿಲು, ನಮ್ಮ ಮೇವು, ನಮ್ಮ ರೋಗಗಳ ನಡುವೆ ಹೊಂದಿಕೊಳ್ಳದೆ ಸತ್ತರೆ ಬಂಡವಾಳವೇ ಮುಳುಗುತ್ತದೆ. ಮೊದಲ ಸಲ ಆಡು ಕಟ್ಟುವವರಿಗೆ ಪಕ್ಕದ ಹೋಬಳಿಯಲ್ಲಿ ನಾಲ್ಕು ಬೇಸಿಗೆ ಕಂಡ ಆಡೇ ಸುರಕ್ಷಿತ.

ಐದು ಆಡಿನ ಲೆಕ್ಕ

ಕನಸನ್ನು ಲೆಕ್ಕಕ್ಕಿಳಿಸಿ ನೋಡೋಣ. ಒಬ್ಬ ಯುವತಿಗೆ ಐದು ಹೆಣ್ಣಾಡು ಇವೆ ಎಂದುಕೊಳ್ಳಿ. ಎರಡು ವರ್ಷಕ್ಕೆ ಮೂರು ಸಲ, ಸಲಕ್ಕೆ ಸರಾಸರಿ ಒಂದೂವರೆ ಮರಿಯಂತೆ ಹಿಡಿದರೆ ವರ್ಷಕ್ಕೆ ಸುಮಾರು 11 ಮರಿ. ಅದರಲ್ಲಿ ಎರಡು ಸತ್ತವು, ಎರಡನ್ನು ಹಿಂಡಿಗೆ ಉಳಿಸಿಕೊಂಡಳು, ಮಾರಿದ್ದು ಏಳು. ತಲಾ 20 ಕಿಲೋ, ಜೀವಂತ ತೂಕಕ್ಕೆ ಕಿಲೋಗೆ 350 ರೂಪಾಯಿ ಎಂದು ಅಂದಾಜಿಸಿದರೆ 49,000 ರೂಪಾಯಿ ಬರುತ್ತದೆ. ಹಿಂಡಿ, ಲಸಿಕೆ, ಜಂತು ಔಷಧ, ಸಾಗಣೆಗೆ 10,000 ಕಳೆದರೆ ಉಳಿಯುವುದು 39,000. ತಿಂಗಳಿಗೆ ಮೂರು ಸಾವಿರದ ಚಿಲ್ಲರೆ. ಅವಳ ದುಡಿಮೆಗೆ ಇಲ್ಲಿ ಕೂಲಿ ಹಾಕಿಲ್ಲ. ಐದು ಆಡು ಒಂದು ಉದ್ಯೋಗವಾಗಲಾರದು. ಟೇಲರಿಂಗ್ ಜೊತೆ, ಓದಿನ ಜೊತೆ, ಎರಡೆಕರೆ ಬೇಸಾಯದ ಜೊತೆ ನಿಲ್ಲುವ ಆಸರೆಯಾದೀತು. ಇದನ್ನು ಮೊದಲ ಸಭೆಯಲ್ಲೇ ಬಾಯಿಬಿಟ್ಟು ಹೇಳಬೇಕು. ಲಕ್ಷಗಳ ಆಸೆ ಹುಟ್ಟಿಸಿ ಕರೆತಂದವರು ಮೊದಲ ಮರಿ ಸತ್ತ ದಿನವೇ ಬಿಟ್ಟುಹೋಗುತ್ತಾರೆ.

ಇದೇ ಲೆಕ್ಕದಲ್ಲಿ ಒಂದು ಅಂಕಿಯನ್ನು ಮಾತ್ರ ಬದಲಿಸಿ ನೋಡಿ. ಎರಡರ ಬದಲು ಒಂದೇ ಮರಿ ಸತ್ತರೆ ನಿವ್ವಳ 46,000. ನಾಲ್ಕು ಸತ್ತರೆ 25,000. ತಳಿ ಅದೇ, ಮೇವು ಅದೇ, ಸಂತೆಯ ದರವೂ ಅದೇ; ಮೂರು ಮರಿ ಬದುಕಿದವೋ ಸತ್ತವೋ ಎಂಬುದರ ಮೇಲೆ ವರ್ಷದ ಆದಾಯ ಹೆಚ್ಚೂಕಡಿಮೆ ಇಮ್ಮಡಿಯಾಗುತ್ತದೆ ಅಥವಾ ಅರ್ಧಕ್ಕಿಳಿಯುತ್ತದೆ. ತಳಿಯ ಬಗ್ಗೆ ನಡೆಯುವ ಚರ್ಚೆಯ ಕಾಲುಭಾಗ ಮರಿಗಳ ಸಾವಿನ ಬಗ್ಗೆ ನಡೆದಿದ್ದರೂ ಎಷ್ಟೋ ಯೋಜನೆಗಳು ಉಳಿಯುತ್ತಿದ್ದವು.

ಇನ್ನೊಂದು ಸತ್ಯ ಕಾಲದ್ದು. ಇಂದು ಆಡು ತಂದರೆ ಅದು ಹೊಸ ಜಾಗಕ್ಕೆ ಹೊಂದಿಕೊಂಡು ಬೆದೆಗೆ ಬರಲು ಒಂದೆರಡು ತಿಂಗಳು, ಗಬ್ಬಕ್ಕೆ ಐದು ತಿಂಗಳು, ಮರಿ ಮಾರಾಟಕ್ಕೆ ಬೆಳೆಯಲು ಎಂಟೊಂಬತ್ತು ತಿಂಗಳು ಬೇಕು. ಮೊದಲ ದುಡ್ಡು ಕಾಣುವುದು ಒಂದೂಕಾಲು ವರ್ಷದ ಮೇಲೆ. ಕೈಯಲ್ಲಿ ಏನೂ ಇಲ್ಲದವರು ಅಷ್ಟು ದಿನ ಕಾಯುವುದಿಲ್ಲ. ಮನೆಯಲ್ಲಿ ಜ್ವರ ಬಂದ ದಿನ ಗಬ್ಬದ ಆಡೇ ಸಂತೆಗೆ ಹೋಗುತ್ತದೆ. ಈ ಕಾಯುವಿಕೆಯನ್ನು ದಾಟಿಸುವ ದಾರಿ ಯೋಜನೆಯೊಳಗೇ ಇರಬೇಕು.

ಆಡು ಕೊಟ್ಟುಬಿಟ್ಟರೆ ಸಾಲದೇ?

ಈ ಪ್ರಶ್ನೆಗೆ ಗಟ್ಟಿಯಾದ ಪುರಾವೆ ಇದೆ. ಕಡುಬಡ ಕುಟುಂಬಗಳಿಗೆ ಆಡು, ಹಸು, ಕೋಳಿಯಂಥ ದುಡಿಯುವ ಆಸ್ತಿಯೊಂದನ್ನು ಕೊಟ್ಟು, ಜೊತೆಗೆ ತರಬೇತಿ, ಕೆಲವು ತಿಂಗಳ ಜೀವನಖರ್ಚು, ಉಳಿತಾಯದ ಏರ್ಪಾಡು ಮತ್ತು ಮನೆಗೇ ಬಂದು ವಿಚಾರಿಸುವ ಕಾರ್ಯಕರ್ತರನ್ನು ಒದಗಿಸುವ ಪದ್ಧತಿಯನ್ನು ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 2002ರಲ್ಲಿ ಆರಂಭಿಸಿತು. ಅದನ್ನು ಭಾರತದ ಪಶ್ಚಿಮ ಬಂಗಾಳವೂ ಸೇರಿದಂತೆ ಆರು ದೇಶಗಳಲ್ಲಿ, ಹತ್ತು ಸಾವಿರಕ್ಕೂ ಹೆಚ್ಚು ಜನರ ನಡುವೆ ಪರೀಕ್ಷಿಸಿದ ಅಧ್ಯಯನ 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದೆ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಅದರ ಲೇಖಕರಲ್ಲಿದ್ದರು. ನೆರವು ನಿಂತು ವರ್ಷ ಕಳೆದ ಮೇಲೂ ಆ ಕುಟುಂಬಗಳ ಬದುಕು ಮೊದಲಿಗಿಂತ ಮೇಲಿತ್ತು.

ನಮಗೆ ಹೆಚ್ಚು ಮುಖ್ಯವಾದದ್ದು ಘಾನಾದಲ್ಲಿ ನಡೆದ ಇನ್ನೊಂದು ಪರೀಕ್ಷೆ. ಅಲ್ಲಿ ಕೆಲವು ಕುಟುಂಬಗಳಿಗೆ ಇಡೀ ಏರ್ಪಾಡು ಸಿಕ್ಕಿತು, ಬೇರೆ ಕೆಲವಕ್ಕೆ ಆಡುಗಳನ್ನು ಮಾತ್ರ ಕೊಟ್ಟರು. ಇಡೀ ಏರ್ಪಾಡು ಸಿಕ್ಕವರ ಬದುಕು ಸುಧಾರಿಸಿತು. ಬರೀ ಆಡು ಪಡೆದವರಲ್ಲಿ ಅಂಥ ಸುಧಾರಣೆ ಕಾಣಲಿಲ್ಲ. ಅಲ್ಲಿನವರು ಕಡುಬಡವರು, ನಮ್ಮ ಎಲ್ಲ ಯುವಕರ ಪರಿಸ್ಥಿತಿ ಹಾಗಿಲ್ಲ ಎನ್ನಬಹುದು. ಒಪ್ಪಬೇಕಾದ ಮಾತೇ. ಆದರೆ ಆಡು ಸಾಯುವ ಕಾರಣಗಳು, ಮಾರಿಹೋಗುವ ಕಾರಣಗಳು ಘಾನಾದಲ್ಲೂ ಪಾವಗಡದಲ್ಲೂ ಒಂದೇ. ಪ್ರಾಣಿಯನ್ನು ಕೈಗಿಟ್ಟು ಫೋಟೊ ತೆಗೆಸಿಕೊಂಡು ಹಿಂತಿರುಗುವ ಯೋಜನೆಯ ಮೇಲೆ ನಂಬಿಕೆ ಇಡಲು ಈ ಪುರಾವೆ ನೋಡಿದ ಮೇಲೆ ಕಾರಣ ಉಳಿಯುವುದಿಲ್ಲ.

ಊರಿನ ಹೋತ

‘ಸಮುದಾಯದ್ದು ಎಂದರೆ ಯಾರದ್ದೂ ಅಲ್ಲ, ನಾಲ್ಕು ಜನ ದುಡಿದರೆ ಹದಿನಾರು ಜನ ತಿನ್ನುತ್ತಾರೆ’ ಎಂಬ ಆಕ್ಷೇಪ ಎಲ್ಲ ಊರಲ್ಲೂ ಏಳುತ್ತದೆ. ನೂರು ಆಡನ್ನು ಒಂದೇ ಶೆಡ್ಡಿನಲ್ಲಿ ಕಟ್ಟಿ, ಸರದಿ ಮೇಲೆ ನೋಡಿಕೊಳ್ಳಿ ಎಂದರೆ ಈ ಮಾತು ನಿಜವಾಗಿಯೇ ತೀರುತ್ತದೆ. ರಾತ್ರಿ ಎರಡು ಗಂಟೆಗೆ ಆಡು ಮರಿ ಹಾಕಲು ತಿಣುಕುವಾಗ ಎದ್ದು ಹೋಗುವುದು ಅದರ ಒಡತಿಯೇ ಹೊರತು ಸರದಿಯವನಲ್ಲ. ಆದ್ದರಿಂದ ಪ್ರಾಣಿ ಮನೆಯದೇ ಆಗಿರಬೇಕು. ಒಂದು ಮನೆಗೆ ದುಬಾರಿ, ಇಪ್ಪತ್ತು ಮನೆಗೆ ಅಗ್ಗ ಎನ್ನುವಂಥವುಗಳನ್ನು ಮಾತ್ರ ಒಟ್ಟಿಗೆ ಇಟ್ಟುಕೊಳ್ಳಬೇಕು.

ಇದಕ್ಕೆ ಅತ್ಯುತ್ತಮ ಉದಾಹರಣೆ ಬೀಜದ ಹೋತ. ಒಂದು ಹೋತ 25ರಿಂದ 30 ಹೆಣ್ಣಾಡುಗಳಿಗೆ ಸಾಕು. ಐದು ಆಡಿನವಳು ತನಗೊಂದು ಹೋತ ಕಟ್ಟಿಕೊಂಡರೆ ಅದರ ಮೇವಿನ ಖರ್ಚೇ ಲಾಭವನ್ನು ತಿನ್ನುತ್ತದೆ. ಕಟ್ಟದಿದ್ದರೆ 21 ದಿನಕ್ಕೊಮ್ಮೆ ಬರುವ ಬೆದೆ ಕೈತಪ್ಪುತ್ತದೆ. ಅದು ಒಂದೆರಡು ದಿನ ಮಾತ್ರ ಇರುತ್ತದೆ, ಬಾಲ ಬಡಿಯುತ್ತಾ ಮತ್ತೆ ಮತ್ತೆ ಅರಚುವ ಆಡನ್ನು ಗುರುತಿಸಿ ಅಷ್ಟರೊಳಗೆ ಹೋತದ ಬಳಿ ಒಯ್ಯಬೇಕು. ಹೋತ ಊರಲ್ಲೇ ಇದ್ದರೆ ಹತ್ತು ನಿಮಿಷದ ಕೆಲಸ.

ಇದಕ್ಕಿಂತ ಆಳವಾದ ತೊಂದರೆ ಇನ್ನೊಂದಿದೆ. ಮರಿಗಳಲ್ಲಿ ಎಲ್ಲಕ್ಕಿಂತ ಬೇಗ ಬೆಳೆದ, ಮೈಕೈ ತುಂಬಿದ ಗಂಡುಮರಿಗೆ ಮೊದಲು ಗಿರಾಕಿ ಬರುತ್ತಾನೆ. ಅದು ಬಕ್ರೀದಿಗೋ ಜಾತ್ರೆಗೋ ಹೋಗಿಬಿಡುತ್ತದೆ. ಯಾರೂ ಕೊಳ್ಳದೆ ಉಳಿದ ಬಡಕಲು ಮರಿಯೇ ಮುಂದೆ ಹಿಂಡಿನ ಹೋತವಾಗುತ್ತದೆ, ತನ್ನ ಅಕ್ಕತಂಗಿಯರನ್ನೇ ಕೂಡುತ್ತದೆ. ವರ್ಷದಿಂದ ವರ್ಷಕ್ಕೆ ಮರಿಗಳು ಕುಗ್ಗುತ್ತವೆ, ಊರವರು ‘ನಮ್ಮ ನಾಟಿ ತಳಿ ಇಷ್ಟೇ’ ಎಂದು ತಳಿಯನ್ನು ದೂರುತ್ತಾರೆ. ಯಾವೊಂದು ಮನೆಗೂ ತನ್ನ ಒಳ್ಳೆಯ ಗಂಡುಮರಿಯನ್ನು ಮಾರದೆ ಇಟ್ಟುಕೊಳ್ಳುವ ಶಕ್ತಿ ಇಲ್ಲದಿರಬಹುದು, ಇಪ್ಪತ್ತು ಮನೆ ಸೇರಿದರೆ ಇದೆ. ಅವಳಿ ಹಾಕಿದ, ಹಾಲು ಚೆನ್ನಾಗಿರುವ ತಾಯಿಯ ಮರಿಯನ್ನು ಸಂಘ ಸಂತೆಯ ದರ ಕೊಟ್ಟು ಕೊಳ್ಳಬೇಕು. ಅದನ್ನು ಒಬ್ಬ ಸದಸ್ಯರ ಮನೆಯಲ್ಲಿ ಕಟ್ಟಿ, ಕೂಡಿಸಿದ್ದಕ್ಕೆ ಇಷ್ಟೆಂದು ಶುಲ್ಕ ಗೊತ್ತುಮಾಡಿ, ಎರಡು ವರ್ಷಕ್ಕೊಮ್ಮೆ ಪಕ್ಕದ ಊರಿನ ಸಂಘದ ಹೋತದೊಂದಿಗೆ ಅದಲುಬದಲು ಮಾಡಿಕೊಳ್ಳಬೇಕು. ನೋಡಿಕೊಂಡವರಿಗೆ ಶುಲ್ಕ ಸಿಗುವುದರಿಂದ ಹೋತ ಅನಾಥವಾಗುವುದಿಲ್ಲ.

ಸೀಸೆ ಒಡೆದ ಮೇಲೆ ಕೆಲವೇ ಗಂಟೆ

ಆಡುಗಳ ಪ್ಲೇಗ್ ಎಂದೇ ಹೆಸರಾದ ಪಿಪಿಆರ್ ರೋಗ ಭಾರತದಲ್ಲಿ ಮೊದಲು ಕಂಡದ್ದು 1987ರಲ್ಲಿ, ತಮಿಳುನಾಡಿನಲ್ಲಿ. ಜ್ವರ, ಮೂಗು ಕಣ್ಣಿನಿಂದ ಸೋರಿಕೆ, ಬಾಯಿಹುಣ್ಣು, ಭೇದಿ, ಕೊನೆಗೆ ಉಸಿರಾಟದ ತೊಂದರೆ; ಒಮ್ಮೆ ಹೊಕ್ಕರೆ ಹಿಂಡಿಗೆ ಹಿಂಡನ್ನೇ ಮಲಗಿಸುತ್ತದೆ. 2030ರೊಳಗೆ ಇದನ್ನು ಜಗತ್ತಿನಿಂದಲೇ ಅಳಿಸಬೇಕೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಗುರಿ ಇಟ್ಟುಕೊಂಡಿವೆ. ಒಂದೇ ಚುಚ್ಚುಮದ್ದು ಮೂರು ವರ್ಷ ಕಾಯುವ ಲಸಿಕೆ ನಮ್ಮ ದೇಶದಲ್ಲೇ ತಯಾರಾಗುತ್ತದೆ. ಮಳೆಗಾಲದ ಹೊಸ ಚಿಗುರು ತಿಂದ ಆಡನ್ನು ಹಠಾತ್ತನೆ ಸಾಯಿಸುವ ಕರುಳುಬೇನೆಗೂ ಲಸಿಕೆ ಇದೆ, ಅದನ್ನು ಪ್ರತಿ ವರ್ಷ ಮುಂಗಾರಿಗೆ ಮೊದಲು ಹಾಕಿಸಬೇಕು.

ಲಸಿಕೆ ಇದ್ದೂ ಆಡು ಸಾಯುವುದಕ್ಕೆ ಕಾರಣ ತಣ್ಣನೆಯ ಡಬ್ಬಿ ಮತ್ತು ಎಣಿಕೆ. ಪಿಪಿಆರ್ ಲಸಿಕೆ ಪುಡಿಯ ರೂಪದಲ್ಲಿ 25, 50, 100 ಡೋಸುಗಳ ಸೀಸೆಗಳಲ್ಲಿ ಬರುತ್ತದೆ. ಮಂಜುಗಡ್ಡೆಯ ಡಬ್ಬಿಯಲ್ಲೇ ಊರಿಗೆ ತರಬೇಕು, ದ್ರಾವಣಕ್ಕೆ ಬೆರೆಸಿದ ಮೇಲೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು. ಐದು ಆಡಿನ ಒಬ್ಬಳಿಗಾಗಿ ನೂರು ಡೋಸಿನ ಸೀಸೆ ಒಡೆದರೆ ಉಳಿದದ್ದು ಮಣ್ಣುಪಾಲು. ಹಾಗಾಗಿ ಅವಳ ಸರದಿ ಬರುವುದೇ ಇಲ್ಲ. ಇಪ್ಪತ್ತು ಮನೆಯವರು ಒಂದೇ ಬೆಳಿಗ್ಗೆ ನೂರು ಆಡನ್ನು ಅರಳೀಕಟ್ಟೆಯ ಬಳಿ ಹೊಡೆದುಕೊಂಡು ಬಂದರೆ ಪಶು ಆಸ್ಪತ್ರೆಯವರ ಒಂದು ಸೀಸೆ, ಒಂದು ಓಡಾಟ ಸಾರ್ಥಕ. ಸಮುದಾಯ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟ ಅರ್ಥ ಸಿಗಲಾರದು: ಇಲ್ಲಿ ಒಗ್ಗಟ್ಟಿಲ್ಲದೆ ಔಷಧವೇ ಕೆಲಸಕ್ಕೆ ಬರುವುದಿಲ್ಲ.

ಲಸಿಕೆಯ ನಡುವಿನ ದಿನಗಳಿಗೆ ಊರಲ್ಲೇ ಒಬ್ಬರು ಬೇಕು. ಹುಟ್ಟಿದ ಮರಿಗೆ ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸುವುದು, ಹೊಕ್ಕುಳಿಗೆ ಅಯೋಡಿನ್ ಹಚ್ಚುವುದು, ಮಳೆಗೆ ಮುಂಚೆ ಜಂತು ಔಷಧ ಕುಡಿಸುವುದು, ಕಿವಿಯೋಲೆಯ ಸಂಖ್ಯೆಯ ಮುಂದೆ ಪುಸ್ತಕದಲ್ಲಿ ಬರೆದಿಡುವುದು, ಕೈಮೀರಿದ್ದನ್ನು ಗುರುತಿಸಿ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡುವುದು. ಬಿಹಾರ, ಜಾರ್ಖಂಡ್‌ಗಳಲ್ಲಿ ಈ ಕೆಲಸವನ್ನು ಪಶುಸಖಿಯರೆಂದು ಕರೆಯುವ, ತರಬೇತಿ ಪಡೆದ ಹಳ್ಳಿಯ ಹೆಣ್ಣುಮಕ್ಕಳೇ ಮಾಡುತ್ತಾ ಬಂದಿದ್ದಾರೆ. ಕರ್ನಾಟಕದಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟಗಳಲ್ಲೂ ಪಶುಸಖಿಯರಿದ್ದಾರೆ. ಮೇಲಿನ ಲೆಕ್ಕದಲ್ಲಿ ಆದಾಯವನ್ನು ಅತ್ತಿತ್ತ ಮಾಡಿದ ಆ ಮೂರು ಮರಿಗಳನ್ನು ಉಳಿಸುವ ಕೈ ಇವರದು.

ಮೇವು ಮೊದಲು, ಆಡು ಆಮೇಲೆ

ಆಡು ಬೆಳೆದಲ್ಲಿ ಹಸಿರು ಉಳಿಯುವುದಿಲ್ಲ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆಡು ಚಿಗುರು ಕಚ್ಚುತ್ತದೆ, ಹಿಂಗಾಲ ಮೇಲೆ ನಿಂತು ಎಳೆಗಿಡ ಬಗ್ಗಿಸುತ್ತದೆ. ಮೂರು ವರ್ಷದ ಸಸಿಯನ್ನು ಒಂದು ಮಧ್ಯಾಹ್ನದಲ್ಲಿ ಬೋಳಾಗಿಸಬಲ್ಲದು. ಒಂದು ಊರಿಗೆ ಹೊಸದಾಗಿ ನೂರು ಆಡು ಬಂದರೆ ದಿನಕ್ಕೆ ಮೂರರಿಂದ ನಾಲ್ಕು ಕ್ವಿಂಟಲ್ ಹಸಿಮೇವು ಎಲ್ಲಿಂದಲಾದರೂ ಬರಲೇಬೇಕು. 1966ರ ಕರ್ನಾಟಕ ಭೂ ಕಂದಾಯ ನಿಯಮಗಳು ನೂರು ದನಗಳಿಗೆ ಮೂವತ್ತು ಎಕರೆಯಂತೆ ಗೋಮಾಳ ಮೀಸಲಿಡಲು ಹೇಳುತ್ತವೆ. ಎಷ್ಟೋ ಕಡೆ ಆ ಗೋಮಾಳ ಈಗ ಕಾಗದದ ಮೇಲೆ ಮಾತ್ರ ಇದೆ. ಮೇವಿನ ಲೆಕ್ಕ ಹಾಕದೆ ಆಡು ತಂದರೆ ಅವು ನುಗ್ಗುವುದು ಪಕ್ಕದವರ ಹೊಲಕ್ಕೆ ಅಥವಾ ಕಾಡಿಗೆ. ಯೋಜನೆ ಪಂಚಾಯಿತಿ ಕಟ್ಟೆಯ ಜಗಳದಲ್ಲಿ ಮುಗಿಯುತ್ತದೆ.

ಹೀಗಾಗಿ ಮೊದಲ ಮುಂಗಾರು ಮೇವಿನದಾಗಬೇಕು. ಬದುಗಳ ಮೇಲೆ ಅಗಸೆ, ನುಗ್ಗೆ, ಗೊಬ್ಬರದ ಗಿಡ, ಸುಬಾಬುಲ್ ಹಾಕಿದರೆ ಮುಂದಿನ ಬೇಸಿಗೆಗೆ ಸವರಲು ಸೊಪ್ಪು ಸಿಗುತ್ತದೆ. ಸುಬಾಬುಲ್‌ನಲ್ಲಿ ಮಿಮೋಸಿನ್ ಎಂಬ ವಿಷಾಂಶ ಇರುವುದರಿಂದ ಒಟ್ಟು ಮೇವಿನ ಮೂರನೇ ಒಂದು ಭಾಗ ಮೀರಬಾರದು. ಸುಗ್ಗಿಯಲ್ಲಿ ತೊಗರಿ, ಕಡಲೆ, ಶೇಂಗಾ ಹೊಟ್ಟನ್ನು ಸಂಘವೇ ಒಟ್ಟಾಗಿ ಕೊಂಡು ಕೂಡಿಟ್ಟರೆ ಬೇಸಿಗೆಯ ದರದ ಹೊಡೆತ ತಪ್ಪುತ್ತದೆ. ಸೊಪ್ಪನ್ನು ನೆಲಕ್ಕೆ ಎಸೆಯದೆ ಕಟ್ಟು ಮಾಡಿ ಆಡಿನ ಮುಖದ ಎತ್ತರಕ್ಕೆ ನೇತುಹಾಕಬೇಕು. ಆಡು ತುಳಿದದ್ದನ್ನು, ಹಿಕ್ಕೆ ಬಿದ್ದದ್ದನ್ನು ತಿನ್ನುವುದಿಲ್ಲ. ನೆಲದ ಹುಲ್ಲಿನಲ್ಲಿ ಹರಿಯುವ ಜಂತುಹುಳದ ಮರಿಗಳೂ ಅಷ್ಟು ಮೇಲೆ ಬರುವುದಿಲ್ಲ. ಹೀಗೆ ಅರ್ಧ ಕಟ್ಟಿ, ಅರ್ಧ ಮೇಯಿಸಿ ಸಾಕಿದ ಆಡು ಹಸಿರಿನ ಶತ್ರುವಾಗುವುದಿಲ್ಲ. ಬದುವಿಗೆ ಮರ ಬರಲು ಅದೇ ಕಾರಣವಾಗುತ್ತದೆ, ಹಿಕ್ಕೆ ಹೊಲಕ್ಕೆ ಮರಳುತ್ತದೆ. ಆಡನ್ನು ದೂರುವ ಮೊದಲು ಅದಕ್ಕೆಂದು ಒಂದು ಗಿಡವನ್ನಾದರೂ ನೆಟ್ಟಿದ್ದೇವೆಯೇ ಎಂದು ಕೇಳಿಕೊಳ್ಳಬೇಕು.

ತಕ್ಕಡಿಯ ನ್ಯಾಯ

ಒಂದು ನೇತುತಕ್ಕಡಿಯ ಬೆಲೆ ಒಂದು ಮರಿಯ ಬೆಲೆಗಿಂತ ಕಡಿಮೆ. ಆದರೂ ಆಡು ಸಾಕುವ ಮನೆಗಳಲ್ಲಿ ಇಲ್ಲದ ವಸ್ತು ಅದೇ. ತಿಂಗಳಿಗೊಮ್ಮೆ ಮರಿಗಳನ್ನು ತೂಗಿ ಬರೆದಿಟ್ಟರೆ ಯಾವುದು ಬೆಳೆಯುತ್ತಿದೆ, ಯಾವುದು ನಿಂತಿದೆ ಎಂದು ಗೊತ್ತಾಗುತ್ತದೆ. ನಿಂತದ್ದಕ್ಕೆ ಜಂತೋ, ತಾಯಿಯ ಹಾಲಿನ ಕೊರತೆಯೋ ಎಂದು ಹುಡುಕಬಹುದು. ಮಾರುವ ದಿನ ಇಪ್ಪತ್ತೆರಡು ಕಿಲೋ ಎಂದು ಗೊತ್ತಿದ್ದವಳ ಮುಂದೆ ‘ಹದಿನೆಂಟಾದೀತು’ ಎಂಬ ಹೆಬ್ಬೆರಳಿನ ಮಾತು ನಡೆಯುವುದಿಲ್ಲ. ನಾಲ್ಕು ಕಿಲೋ ವ್ಯತ್ಯಾಸವೆಂದರೆ ಒಂದೇ ಮರಿಯಲ್ಲಿ 1,400 ರೂಪಾಯಿ. ಹದಿನೈದು ಮರಿ ಒಂದೇ ಕಡೆ ಸಿಗುತ್ತವೆಂದರೆ ವ್ಯಾಪಾರಿಯೇ ಗಾಡಿ ತರುತ್ತಾನೆ, ಸಂತೆಯ ಸುಂಕ, ಟಂಟಂ ಬಾಡಿಗೆ ಎರಡೂ ಉಳಿಯುತ್ತವೆ. ದಲ್ಲಾಳಿಯನ್ನು ಶತ್ರುವೆಂದು ಕಾಣಬೇಕಿಲ್ಲ. ಅವನಿಗೆ ಮಾರುಕಟ್ಟೆ ಗೊತ್ತು, ಮಾರುವವರಿಗೂ ತೂಕ ಗೊತ್ತಿದ್ದರೆ ವ್ಯವಹಾರ ಸಮವಾಗುತ್ತದೆ.

ಬಕ್ರೀದ್ ಮಾರುಕಟ್ಟೆಗೆ ಇನ್ನೂ ಮುಂದಾಲೋಚನೆ ಬೇಕು. ಕುರ್ಬಾನಿಗೆ ಕೊಡುವ ಆಡಿಗೆ ಒಂದು ವರ್ಷ ತುಂಬಿರಬೇಕು. ಅದಕ್ಕೆ ಗಬ್ಬದ ಐದು ತಿಂಗಳು ಸೇರಿಸಿದರೆ ಹಬ್ಬಕ್ಕೆ ಹದಿನೇಳು ತಿಂಗಳ ಮೊದಲೇ ಹೋತ ಕೂಡಿಸಿರಬೇಕು. ಹಬ್ಬವೋ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಬೇಗ ಬರುತ್ತದೆ. ಗೋಡೆಗೊಂದು ಕ್ಯಾಲೆಂಡರ್ ತೂಗುಹಾಕಿ ಹಿಂದಕ್ಕೆ ಎಣಿಸುವ ಈ ಕೆಲಸಕ್ಕೆ ಓದು ಬಲ್ಲವರೇ ಬೇಕು.

ಓದಿದವರು ಆಡು ಕಾಯುತ್ತಾರೆಯೇ?

ಡಿಗ್ರಿ ಮುಗಿಸಿದವನು ಕೋಲು ಹಿಡಿದು ಗುಡ್ಡ ಹತ್ತುತ್ತಾನೆಯೇ, ಅದಕ್ಕೆ ಜಾತಿಯ ಮುದ್ರೆ ಬೇರೆ ಬಿದ್ದಿದೆಯಲ್ಲ ಎಂಬುದು ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ. ತಲೆಮಾರುಗಳಿಂದ ಈ ಕಸುಬು ಮಾಡಿಕೊಂಡು ಬಂದವರ ಅರಿವನ್ನು ಕೀಳಾಗಿ ಕಂಡ ಸಮಾಜದ ತಪ್ಪು ಇದರ ಹಿಂದಿದೆ. ಆದರೆ ಯುವಕರು ಬೇಡವೆನ್ನುವುದು ದಿನವಿಡೀ ಒಬ್ಬರೇ ಬಿಸಿಲಲ್ಲಿ ಅಲೆಯುವುದನ್ನು, ಬೆಲೆಯಿಲ್ಲದ ದುಡಿಮೆಯನ್ನು. ಅರ್ಧ ದಿನ ಕಟ್ಟಿ ಮೇಯಿಸುವ, ಉಳಿದರ್ಧಕ್ಕೆ ಸರದಿಯಲ್ಲಿ ಹೊಡೆದುಕೊಂಡು ಹೋಗುವ ಊರಿನಲ್ಲಿ ಬೇರೆ ಕೆಲಸಗಳೂ ಹುಟ್ಟುತ್ತವೆ: ಲಸಿಕೆಯ ಪುಸ್ತಕ, ತೂಕದ ಲೆಕ್ಕ, ಮೇವಿನ ಖರೀದಿ, ಮಾರಾಟದ ಮಾತುಕತೆ, ವಿಮೆಯ ಕಾಗದ. ಇವಕ್ಕೆ ಸಂಘ ಶುಲ್ಕ ಕಟ್ಟುವಾಗ ಓದಿಗೆ ಊರಲ್ಲೇ ಕೆಲಸ ಸಿಕ್ಕಂತಾಗುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಎಚ್ಚರ ಬೇಕು. ಎರಡು ಆಡು ಇರುವವರೆಗೆ ಅದು ಹೆಂಗಸರ ಕೆಲಸ. ಇಪ್ಪತ್ತಾಗಿ ದುಡ್ಡು ಕಾಣತೊಡಗಿದರೆ ಸಂತೆಗೆ ಹೋಗುವವರೂ ಹಣ ಎಣಿಸುವವರೂ ಗಂಡಸರಾಗಿಬಿಡುತ್ತಾರೆ. ಕಿವಿಯೋಲೆಯ ನೋಂದಣಿ, ವಿಮೆ, ಮಾರಾಟದ ಹಣ ಬೀಳುವ ಬ್ಯಾಂಕ್ ಖಾತೆ ಮೂರೂ ಸಾಕುವವಳ ಹೆಸರಿನಲ್ಲೇ ಇರಬೇಕೆಂದು ನಿಯಮ ಬರೆಯುವುದು ಮೊದಲ ದಿನವೇ ಸುಲಭ, ಆಮೇಲೆ ಕಷ್ಟ.

ದೊಡ್ಡ ಶೆಡ್ಡಿನ ಆಸೆ

ರಾಷ್ಟ್ರೀಯ ಜಾನುವಾರು ಮಿಷನ್ ಅಡಿಯಲ್ಲಿ ನೂರು ಹೆಣ್ಣು, ಐದು ಗಂಡಿನ ಘಟಕದಿಂದ ಹಿಡಿದು ಐನೂರು ಹೆಣ್ಣು, ಇಪ್ಪತ್ತೈದು ಗಂಡಿನ ಘಟಕದವರೆಗೆ ಯೋಜನಾ ವೆಚ್ಚದ ಅರ್ಧದಷ್ಟು, 10 ಲಕ್ಷದಿಂದ 50 ಲಕ್ಷ ರೂಪಾಯಿವರೆಗೆ ಸಹಾಯಧನವಿದೆ. ಸ್ವಸಹಾಯ ಸಂಘ, ರೈತ ಉತ್ಪಾದಕ ಕಂಪನಿಗಳೂ ಅರ್ಜಿ ಹಾಕಬಹುದು. ಹಾಗಿದ್ದ ಮೇಲೆ ಐದೈದು ಆಡಿನ ಚಿಲ್ಲರೆ ಲೆಕ್ಕ ಯಾಕೆ ಎನ್ನಬಹುದು. ಸಹಾಯಧನ ಕಂತುಗಳಲ್ಲಿ ಬರುತ್ತದೆ. ಬ್ಯಾಂಕ್ ಸಾಲ ಅಥವಾ ಸ್ವಂತ ಹಣದ ಗಟ್ಟಿ ಆಧಾರ ಮೊದಲು ಬೇಕು. ನೂರು ಆಡು ಒಂದೇ ಸೂರಿನಡಿ ಸೇರಿದಾಗ ರೋಗವೂ ಒಂದೇ ರಾತ್ರಿಯಲ್ಲಿ ಹರಡುತ್ತದೆ, ಮೇವೆಲ್ಲ ಕೊಂಡೇ ಹಾಕಬೇಕಾಗುತ್ತದೆ. ಐದು ಆಡನ್ನು ಮೂರು ವರ್ಷ ಉಳಿಸಿಕೊಂಡು ಇಪ್ಪತ್ತು ಮಾಡಿದವರ ಸಂಘಕ್ಕೆ ಆ ದೊಡ್ಡ ಮೆಟ್ಟಿಲು ಸರಿ. ಮೊದಲ ಹೆಜ್ಜೆಗೆ ಅದು ಎತ್ತರವಾಯಿತು. ಅಲ್ಲಿಯವರೆಗೆ ಪಶುಸಂಗೋಪನೆಗೂ ವಿಸ್ತರಿಸಿರುವ ಕಿಸಾನ್ ಕ್ರೆಡಿಟ್ ಕಾರ್ಡ್, ಆಡು ಸತ್ತಾಗ ಪರಿಹಾರ ಕೊಡುವ ರಾಜ್ಯದ ಅನುಗ್ರಹ ಯೋಜನೆ, ಇವುಗಳ ಕಾಗದಪತ್ರ ಸರಿಯಾಗಿಟ್ಟುಕೊಂಡರೆ ಸಾಕಷ್ಟು ಆಸರೆಯಿದೆ.

ಮೊದಲ ವರ್ಷದ ಕ್ರಮ

ಈ ವಾದವನ್ನು ಕೆಲಸಕ್ಕಿಳಿಸಿದರೆ ಯೋಜನೆಯ ಮೊದಲ ಆರು ತಿಂಗಳಲ್ಲಿ ಆಡೇ ಇರುವುದಿಲ್ಲ. ಜೂನ್‌ನಲ್ಲಿ ಮೇವಿನ ಗಿಡ, ನಂತರ ನೆಲದಿಂದ ಎತ್ತರಿಸಿದ, ಗಾಳಿಯಾಡುವ ಗೂಡು, ಆಡಿಗೆ ಹತ್ತು ಚದರಡಿಯಂತೆ. ಇದೇ ಹೊತ್ತಿಗೆ ಪಶುಸಖಿಯ ತರಬೇತಿ, ವಾರದ ಉಳಿತಾಯ, ತಕ್ಕಡಿ, ಪುಸ್ತಕ. ಸುಗ್ಗಿಯ ಹೊಟ್ಟು ಕೂಡಿಟ್ಟ ಮೇಲೆ ಆಡು ಬರಲಿ. ಹತ್ತೂರಿನ ಪ್ರಾಣಿ ಸೇರುವ ಸಂತೆಯಿಂದ ರೋಗ ಹೊತ್ತು ತರುವುದಕ್ಕಿಂತ ಸುತ್ತಲಿನ ಹಳ್ಳಿಗಳ ಮನೆಗಳಿಂದಲೇ ಆರಿಸಿ ಕೊಳ್ಳುವುದು ಮೇಲು. ಬಂದವನ್ನು ಮೂರು ವಾರ ಬೇರೆಯೇ ಕಟ್ಟಿ, ಲಸಿಕೆ ಹಾಕಿಸಿ, ಆಮೇಲೆ ಹಿಂಡಿಗೆ ಸೇರಿಸಬೇಕು. ಮೊದಲ ಮರಿ ಮಾರಾಟಕ್ಕೆ ಬರುವವರೆಗಿನ ಬರಿಗೈ ದಿನಗಳಿಗೆ ಒಂದೆರಡು ಗಂಡುಮರಿಗಳನ್ನು ಕೊಂಡು ನಾಲ್ಕೈದು ತಿಂಗಳು ಮೇಯಿಸಿ ಮಾರುವ ಏರ್ಪಾಡನ್ನೂ ಜೊತೆಗಿಡಬೇಕು.

ಎಲ್ಲರಿಗೂ ಒಟ್ಟಿಗೆ ಕೊಡಲು ಹಣ ಸಾಲದಿದ್ದರೆ ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದ ನಡೆದುಬಂದ ‘ಪಾಲಿಗೆ ಸಾಕುವ’ ಪದ್ಧತಿ ದಾರಿ ತೋರಿಸುತ್ತದೆ. ಮೊದಲು ಪಡೆದವರು ಹುಟ್ಟಿದ ಹೆಣ್ಣುಮರಿಯೊಂದನ್ನು ಮುಂದಿನವರಿಗೆ ದಾಟಿಸಬೇಕು. 1944ರಲ್ಲಿ ಹುಟ್ಟಿದ ಹೈಫರ್ ಸಂಸ್ಥೆ ಬೇರೆ ಬೇರೆ ದೇಶಗಳಲ್ಲಿ ಬೆಳೆಸಿದ ನಿಯಮವೂ ಇದೇ. ಇಲ್ಲೂ ತಕ್ಕಡಿ ಬೇಕು: ‘ಒಂದು ಮರಿ’ ಎಂದು ಬರೆದರೆ ಹಿಂಡಿನ ಬಡಕಲೇ ದಾಟುತ್ತದೆ, ‘ಹನ್ನೆರಡು ಕಿಲೋ ತೂಗುವ, ಲಸಿಕೆ ಆದ ಹೆಣ್ಣುಮರಿ’ ಎಂದು ಬರೆದರೆ ಆರೋಗ್ಯವಂತ ಮರಿ ದಾಟುತ್ತದೆ.

ಇಂಥ ಯೋಜನೆಯನ್ನು ಅಳೆಯಬೇಕಾದದ್ದು ಆಡು ಹಂಚಿದ ದಿನದ ಸಂಖ್ಯೆಯಿಂದಲ್ಲ. ಮೂರನೆಯ ವರ್ಷ ಆ ಊರಿಗೆ ಹೋಗಿ ನೋಡಬೇಕು. ಊರಿನ ಹೋತ ಯಾರ ಅಂಗಳದಲ್ಲಿದೆ, ಅದು ಕಳೆದ ಸಲ ಅದಲುಬದಲಾದದ್ದು ಯಾವಾಗ, ಲಸಿಕೆಯ ಪುಸ್ತಕದಲ್ಲಿ ಕೊನೆಯ ದಿನಾಂಕ ಯಾವುದು, ಬದುವಿನ ಅಗಸೆ ಎಷ್ಟು ಸಲ ಸವರಿಸಿಕೊಂಡಿದೆ ಎಂದು ಕೇಳಬೇಕು. ಇವಕ್ಕೆ ಥಟ್ಟನೆ ಉತ್ತರ ಹೇಳುವ ಇಪ್ಪತ್ತರ ಹರೆಯದ ಹುಡುಗ ಹುಡುಗಿಯರು ಅಲ್ಲಿದ್ದರೆ, ಮುಂದಿನ ಸಂತೆಯಲ್ಲಿ ಅವರ ಮುಂದೆ ಟವೆಲ್ಲು ಹಾಸುವ ದಲ್ಲಾಳಿ ಮೊದಲು ತೂಕ ಕೇಳಬೇಕಾಗುತ್ತದೆ.